ರೆಸಿಸ್ಟರ್‌ಗೆ ಓಮ್ ಒಂದೇ ನೋಡಿದರೆ ಸಾಲದು

"ಓಮ್ ಸೇಮ್ ಇದೆಯಲ್ಲ ಸಾರ್, ಮತ್ತೆ ಯಾಕೆ ಸುಟ್ಟಿತು?"

ಕಾರವಾರದಲ್ಲಿ ಬೋರ್ಡ್ ರಿಪೇರಿ ಮಾಡುವ ನನಗೆ ಇಷ್ಟು ಸಲ ಎದುರಾದ ಪ್ರಶ್ನೆ ಬೇರೆ ಇಲ್ಲ. ಕೇಳುವವರು ಕೆಲಸ ಗೊತ್ತಿಲ್ಲದವರಲ್ಲ. ಐಟಿಐ ಮುಗಿಸಿದ ಹುಡುಗರು, ಬೋಟಿನ ವೈರಿಂಗ್ ತಾವೇ ಮಾಡಿಕೊಳ್ಳುವ ಮೀನುಗಾರರು, ಯೂಟ್ಯೂಬ್ ನೋಡಿ ಎಲ್‌ಇಡಿ ಬಲ್ಬ್ ಬಿಚ್ಚಲು ಕಲಿತವರು. ರೆಸಿಸ್ಟರ್ ಎಂದರೆ ಕರೆಂಟನ್ನು ತಡೆದು ಮಿತಿಯಲ್ಲಿಡುವ ಬಿಡಿಭಾಗ, ಓಮ್ ಆ ತಡೆಯ ಅಳತೆ. ಆ ಅಳತೆಯನ್ನು ಮೈಮೇಲಿನ ಬಣ್ಣದ ಪಟ್ಟಿಗಳಲ್ಲಿ ಹೇಳುವ ಕಲರ್ ಕೋಡ್ ಎಲ್ಲರಿಗೂ ಬಾಯಿಪಾಠ. ಸುಟ್ಟ ರೆಸಿಸ್ಟರ್‌ನ ಪಟ್ಟಿ ಓದುತ್ತಾರೆ, ಅಂಗಡಿಯಿಂದ ಅದೇ ವ್ಯಾಲ್ಯೂ ತರುತ್ತಾರೆ, ಸೋಲ್ಡರ್ ಮಾಡುತ್ತಾರೆ. ಒಂದು ವಾರವೋ ಒಂದು ತಿಂಗಳೋ ನಡೆಯುತ್ತದೆ. ಆಮೇಲೆ ಬೋರ್ಡ್ ಕಪ್ಪಾಗಿ ನನ್ನ ಮೇಜಿಗೆ ಬರುತ್ತದೆ.

ಪಟ್ಟಿ ಹೇಳುವುದು ಹೆಚ್ಚಾಗಿ ಓಮ್ ಮತ್ತು ಟಾಲರೆನ್ಸ್ (ಆ ಓಮ್ ಎಷ್ಟು ಹೆಚ್ಚು-ಕಡಿಮೆ ಇರಬಹುದು ಎನ್ನುವುದು) ಮಾತ್ರ. ಒಳಗೆ ಯಾವ ವಸ್ತು ಇದೆ, ಹೇಗೆ ಮಾಡಿದ್ದಾರೆ, ಮೇಲಿನ ಲೇಪನ ಯಾವುದು, ಇದನ್ನೆಲ್ಲ ಪಟ್ಟಿ ಹೇಳುವುದಿಲ್ಲ. ರೆಸಿಸ್ಟರ್ ಬಾಳುವುದು, ಸುಡುವುದು ಮಾತ್ರ ಇವುಗಳ ಮೇಲೆಯೇ.

ಒಂದು ಮಾಮೂಲಿ ಫಿಲ್ಮ್ ರೆಸಿಸ್ಟರ್ ಮಾಡುವ ಬಗೆ ನೋಡಿ. ಮೊದಲು ಸಣ್ಣ ಸೆರಾಮಿಕ್ ಕಡ್ಡಿ. ಕಾರ್ಬನ್ ಫಿಲ್ಮ್ ಆದರೆ ಅದನ್ನು ಕುಲುಮೆಯಲ್ಲಿಟ್ಟು, ಸುಮಾರು 1000 ಡಿಗ್ರಿ ಶಾಖದಲ್ಲಿ ಮೀಥೇನ್‌ನಂಥ ಗ್ಯಾಸನ್ನು ಒಡೆಯುತ್ತಾರೆ. ಅದರ ಇಂಗಾಲ ಕಡ್ಡಿಯ ಮೇಲೆ ತೆಳ್ಳಗೆ ಕೂರುತ್ತದೆ. ಮೆಟಲ್ ಫಿಲ್ಮ್ ಆದರೆ ನಿರ್ವಾತದಲ್ಲಿ ನಿಕಲ್-ಕ್ರೋಮಿಯಂ ಪದರ ಕೂರಿಸುತ್ತಾರೆ. ಎರಡೂ ತುದಿಗೆ ಲೋಹದ ಟೋಪಿ ಒತ್ತುತ್ತಾರೆ. ಬಳಿಕ ಲೇಸರ್‌ನಲ್ಲೋ ವಜ್ರದ ಚಕ್ರದಲ್ಲೋ ಪದರದ ಮೇಲೆ ಸುರುಳಿಯಾಗಿ ಗೀರು ಹಾಕುತ್ತಾರೆ. ಗೀರು ಹೆಚ್ಚಾದಷ್ಟೂ ಕರೆಂಟಿನ ದಾರಿ ಉದ್ದವಾಗಿ ಕಿರಿದಾಗುತ್ತದೆ, ಓಮ್ ಏರುತ್ತದೆ. ಬೇಕಾದ ವ್ಯಾಲ್ಯೂ ಬಂದ ಕೂಡಲೇ ಗೀರು ನಿಲ್ಲುತ್ತದೆ. ತಂತಿ ಬೆಸೆದು, ಲೇಪನ ಹಚ್ಚಿ ಬೇಯಿಸಿ, ಕೊನೆಗೆ ಬಣ್ಣದ ಪಟ್ಟಿ ಬಳಿಯುತ್ತಾರೆ.

ಮೆಟಲ್ ಫಿಲ್ಮ್‌ನಲ್ಲಿ ಆ ಪದರ ತಲೆಕೂದಲಿಗಿಂತ ನೂರಾರು ಪಟ್ಟು ತೆಳು. ಅದನ್ನು ಗಾಳಿ-ನೀರಿನಿಂದ ಕಾಯುವುದು ಹೊರಗಿನ ಲೇಪನ ಒಂದೇ. ಜನ ಅದನ್ನು ಚಂದಕ್ಕೆ ಹಚ್ಚಿದ ಪೇಂಟ್ ಅಂದುಕೊಳ್ಳುತ್ತಾರೆ. ಬ್ಲೇಡಿನಲ್ಲಿ ಕೆರೆದು ಮೀಟರ್ ಮುಳ್ಳು ತಾಗಿಸಿ ನೋಡಿದವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ವೈರ್‌ವೌಂಡ್ ಕತೆ ಬೇರೆ. ಸೆರಾಮಿಕ್ ಅಥವಾ ಫೈಬರ್‌ಗ್ಲಾಸ್ ತಿರುಳಿಗೆ ನೈಕ್ರೋಮ್‌ನಂಥ ತಂತಿ ಸುತ್ತಿರುತ್ತಾರೆ. ಮೇಲೆ ಗಾಜಿನ ಪುಡಿ ಕರಗಿಸಿ ಮಾಡಿದ ಎನಾಮಲ್, ಇಲ್ಲವೇ ಸಿಲಿಕೋನ್. ಬಿಳಿ ಇಟ್ಟಿಗೆ ತುಂಡಿನ ಆಕಾರದ್ದು ಸಿಮೆಂಟ್ ರೆಸಿಸ್ಟರ್: ಸುತ್ತಿದ ತಂತಿಯನ್ನು ಸೆರಾಮಿಕ್ ದೋಣಿಯಲ್ಲಿಟ್ಟು ಸಿಮೆಂಟ್ ತುಂಬಿದ್ದು. ಎಸ್‌ಎಂಡಿಯಲ್ಲಿ, ಅಂದರೆ ಬೋರ್ಡಿನ ಮೇಲ್ಮೈಗೇ ಬೆಸೆಯುವ ಪುಟ್ಟ ಚಪ್ಪಟೆ ತುಂಡುಗಳಲ್ಲಿ, ರುಥೇನಿಯಂ ಆಕ್ಸೈಡ್ ಪೇಸ್ಟನ್ನು ಅಲ್ಯೂಮಿನಾ ಮೇಲೆ ಅಚ್ಚು ಹಾಕಿ ಸುಮಾರು 850 ಡಿಗ್ರಿಯಲ್ಲಿ ಸುಡುತ್ತಾರೆ, ಮೇಲೆ ಗಾಜಿನ ಪದರ ಕೊಡುತ್ತಾರೆ. ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಈಗ ಜನ ಎಡವುವ ಜಾಗಕ್ಕೆ ಬರುತ್ತೇನೆ. ಎಲ್‌ಇಡಿ ಬಲ್ಬ್, ಚಾರ್ಜರ್‌ಗಳಲ್ಲಿ ಕರೆಂಟ್ ಒಳಗೆ ಬರುವ ಬಾಗಿಲಲ್ಲೇ ಹೆಚ್ಚಾಗಿ 10 ಓಮ್‌ನ ಆಸುಪಾಸಿನ ಒಂದು ರೆಸಿಸ್ಟರ್ ಇರುತ್ತದೆ. 230 ವೋಲ್ಟ್ ಎಸಿ ತನ್ನ ತುದಿಯಲ್ಲಿ 325 ವೋಲ್ಟ್ ಮುಟ್ಟುತ್ತದೆ. ಸರಿಯಾಗಿ ಆ ಗಳಿಗೆಯಲ್ಲಿ ಸ್ವಿಚ್ ಒತ್ತಿದಿರಿ ಅನ್ನಿ. ಒಳಗಿನ ಕೆಪಾಸಿಟರ್ (ಚಾರ್ಜ್ ತುಂಬಿಡುವ ಭಾಗ) ಖಾಲಿ, ಹಾಗಾಗಿ ಒಮ್ಮೆಲೇ ಕರೆಂಟ್ ಎಳೆಯುತ್ತದೆ. ಆ 10 ಓಮ್ ಮೇಲೆ 32 ಆಂಪಿಯರ್ ಹರಿಯಬಹುದು. ಲೆಕ್ಕ ಹಾಕಿದರೆ ಹತ್ತು ಸಾವಿರ ವ್ಯಾಟ್ ದಾಟುತ್ತದೆ! ಕಣ್ಣು ಮಿಟುಕಿಸುವಷ್ಟು ಹೊತ್ತೂ ಅದು ಇರುವುದಿಲ್ಲ, ಆದರೆ ಪ್ರತಿ ಸಲ ಸ್ವಿಚ್ ಹಾಕಿದಾಗ ಆ ಪೆಟ್ಟು ಬೀಳಬಹುದು. ವೈರ್‌ವೌಂಡ್ ಆದರೆ ಸುತ್ತಿದ ತಂತಿ ಅಷ್ಟೂ ಸೇರಿ ಆ ಶಾಖವನ್ನು ನುಂಗಿಕೊಳ್ಳುತ್ತದೆ. ಫಿಲ್ಮ್ ಆದರೆ ಆ ತೆಳು ಪದರವೇ ತಡೆಯಬೇಕು. ಎಷ್ಟು ದಿನ ತಡೆದೀತು?

ಇದೇ ಜಾಗದ ರೆಸಿಸ್ಟರ್‌ಗೆ ಇನ್ನೊಂದು ಕೆಲಸವೂ ಇದೆ. ಮುಂದಿನ ಸರ್ಕ್ಯೂಟ್ ಶಾರ್ಟ್ ಆದರೆ ಅದು ಫ್ಯೂಸಿನ ಹಾಗೆ ಕಡಿದುಹೋಗಬೇಕು, ಬೆಂಕಿ ಹತ್ತದೆ ಕಡಿದುಹೋಗಬೇಕು. ಫ್ಯೂಸಿಬಲ್ ಅನ್ನುವುದು ಇದಕ್ಕೇ. ಅದರ ಲೇಪನವೂ ಉರಿಯದಂಥದ್ದು. ಆ ಜಾಗಕ್ಕೆ ಮಾಮೂಲಿ ಕಾಲು ವ್ಯಾಟ್ ಕಾರ್ಬನ್ ಫಿಲ್ಮ್ ಹಾಕಿದರೆ ಓಮ್ ಸರಿ ಇರುತ್ತದೆ, ಬಲ್ಬ್ ಹೊತ್ತುತ್ತದೆ, ಶಾರ್ಟ್ ಆದ ದಿನ ಲೇಪನವೇ ಉರಿಯಬಹುದು. ತಂತಿ ತುಂಡು ಹಾಕಿ ಜೋಡಿಸಿದವರನ್ನೂ ಕಂಡಿದ್ದೇನೆ. ನನಗೆ ಸಿಟ್ಟು ಬರುವುದು ಆಗಲೇ. ಮನೆಯಲ್ಲಿ ಮಕ್ಕಳು ಮಲಗುವ ಕೋಣೆಯ ಬಲ್ಬ್ ಅದು.

ಎರಡನೇ ಜಾಗ ಸ್ಟಾರ್ಟಪ್ ರೆಸಿಸ್ಟರ್. ಪವರ್ ಸಪ್ಲೈ ಬೋರ್ಡಿನಲ್ಲಿ 325 ವೋಲ್ಟ್ ಡಿಸಿಯಿಂದ ಐಸಿಗೆ (ಸಪ್ಲೈ ನಡೆಸುವ ಚಿಪ್‌ಗೆ) ಮೊದಲ ಕರೆಂಟ್ ಕೊಡುವುದು ಇದು. ಕಂಪನಿಯವರು 470 ಕಿಲೋ ಓಮ್‌ನ ಎರಡನ್ನು ಒಂದರ ಹಿಂದೆ ಒಂದು ಹಾಕಿರುತ್ತಾರೆ. ನಮ್ಮ ಹುಡುಗರು ಅವೆರಡನ್ನೂ ತೆಗೆದು 1 ಮೆಗಾ ಓಮ್‌ನದು ಒಂದೇ ಹಾಕುತ್ತಾರೆ. "0.1 ವ್ಯಾಟ್ ಅಷ್ಟೇ ಆಗೋದು, ಕಾಲು ವ್ಯಾಟಿನದು ಸಾಕಲ್ವಾ?" ವ್ಯಾಟ್ ಲೆಕ್ಕ ಸರಿ. ವೋಲ್ಟ್ ಲೆಕ್ಕ ಬಿಟ್ಟುಹೋಯಿತು. ಕಾಲು ವ್ಯಾಟ್ ಕಾರ್ಬನ್ ಫಿಲ್ಮ್ ತಾಳುವ ವೋಲ್ಟ್ ಸಾಮಾನ್ಯವಾಗಿ 250. ಸುರುಳಿ ಗೀರಿನ ಎರಡು ಅಂಚಿನ ನಡುವೆ ಅಷ್ಟು ಸಣ್ಣ ಜಾಗ. ಎರಡು ಹಾಕಿದ್ದು ವೋಲ್ಟ್ ಹಂಚಲಿಕ್ಕೆ.

ನಮ್ಮ ಕರಾವಳಿಯಲ್ಲಿ ಈ ದೊಡ್ಡ ಓಮ್‌ನವು ಬೇರೆ ಊರಿಗಿಂತ ಜಾಸ್ತಿ ಹೋಗುತ್ತವೆ ಎನ್ನುವುದು ನನ್ನ ಅನುಭವ. ಕಾರಣ ಉಪ್ಪುಗಾಳಿ. ಸಾಣಿಕಟ್ಟೆಯ ಉಪ್ಪು ತಂದು ಭರಣಿಯಲ್ಲಿಟ್ಟರೆ ಜೂನ್‌ನಲ್ಲಿ ಅದು ನೀರೊಡೆಯುತ್ತದೆ ಅಲ್ವಾ? ಬೋರ್ಡಿನ ಮೇಲೆ ಕೂತ ಉಪ್ಪಿನ ಧೂಳೂ ಹಾಗೆಯೇ ತೇವ ಎಳೆಯುತ್ತದೆ. ಲೇಪನದಲ್ಲಿ ಸೂಜಿಮೊನೆಯಷ್ಟು ತೂತಿದ್ದರೆ, ಅಥವಾ ತಂತಿಯನ್ನು ಬುಡಕ್ಕೇ ಬಗ್ಗಿಸಿ ಟೋಪಿಯ ಹತ್ತಿರ ಬಿರುಕು ಬಿಟ್ಟಿದ್ದರೆ, ಆ ಉಪ್ಪುನೀರು ಒಳಗೆ ಇಳಿಯುತ್ತದೆ. ಮೇಲಿಂದ ಡಿಸಿ ವೋಲ್ಟ್. ನಿಕಲ್-ಕ್ರೋಮಿಯಂ ಪದರ ನಿಧಾನವಾಗಿ ಕರಗುತ್ತದೆ. ಓಮ್ ಏರುತ್ತಾ ಹೋಗಿ ಒಂದು ದಿನ ಓಪನ್, ಅಂದರೆ ಕರೆಂಟಿನ ದಾರಿಯೇ ಕಡಿದುಹೋಗುತ್ತದೆ. ಹೊರಗಿನಿಂದ ನೋಡಿದರೆ ಹೊಸದರಂತಿರುತ್ತದೆ, ಸುಟ್ಟ ಗುರುತೇ ಇಲ್ಲ. ಲೆನ್ಸ್ ಹಿಡಿದರೆ ಕೆಲವೊಮ್ಮೆ ಟೋಪಿಯ ಅಂಚಿನಲ್ಲಿ ಹಸಿರು ಕಾಣುತ್ತದೆ.

ಸದಾ ಆನ್ ಇರುವ ಯಂತ್ರ ತನ್ನ ಬಿಸಿಯಲ್ಲೇ ತೇವ ಓಡಿಸುತ್ತದೆ. ಸುಮ್ನೆ ಬಿದ್ದದ್ದಕ್ಕೆ ಆ ಭಾಗ್ಯ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಬೈತಖೋಲ್ ಬಂದರಿನಲ್ಲಿ ಬೋಟ್ ಕಟ್ಟಿ ಮನೆಗೆ ಹೋದವರು ಆಗಸ್ಟ್‌ನಲ್ಲಿ ಬಂದು ಮೀನು ಹುಡುಕುವ ಯಂತ್ರ ಫಿಶ್ ಫೈಂಡರ್‌ನ ಸ್ವಿಚ್ ಹಾಕುತ್ತಾರೆ, ಅದು ಏಳುವುದಿಲ್ಲ. ಬಿಚ್ಚಿಡಲಿಕ್ಕೆ ಬರುವಂಥದ್ದನ್ನು ಮನೆಗೆ ಒಯ್ದು ಒಣ ಜಾಗದಲ್ಲಿಡಿ ಎಂದು ಪ್ರತಿ ಮೇ ತಿಂಗಳು ಹೇಳುತ್ತೇನೆ. ಕೇಳುವವರು ಕೇಳುತ್ತಾರೆ.

ಶಿರಸಿ ಕಡೆಯ ಒಬ್ಬ ಅಡಿಕೆ ಬೆಳೆಗಾರರು ಬ್ಯಾಟರಿ ಚಾರ್ಜರ್ ತಂದಿದ್ದರು. ವಯಸ್ಸಾದವರು, ಮಾತು ನೇರ. "ತಮಾ, ನಮ್ಮ ಅಪ್ಪನ ಕಾಲದ ರೇಡಿಯೋದಲ್ಲೂ ಇಂಥದೇ ಕಡ್ಡಿ ಇದ್ದವು. ಅವಕ್ಕೆ ಏನೂ ಆಗಲಿಲ್ಲ. ಈಗಿನದು ಕಳಪೆ ಅಷ್ಟೇ." ಒಳ್ಳೆಯ ಪ್ರಶ್ನೆ ಅದು. ಅವರನ್ನು ಕೂರಿಸಿ, ಚಹಾ ತರಿಸಿ, ಹಳೆಯದೊಂದನ್ನು ಕಟರ್‌ನಲ್ಲಿ ಒಡೆದು ತೋರಿಸಿದೆ. ಒಳಗೆ ಪದರ ಇಲ್ಲ, ಇಡೀ ತಿರುಳೇ ಕಪ್ಪು. ಕಾರ್ಬನ್ ಪುಡಿಯನ್ನು ಸೆರಾಮಿಕ್ ಪುಡಿ ಮತ್ತು ರಾಳದ ಜೊತೆ ಕಲಸಿ ಒತ್ತಿ ಬೇಯಿಸಿದ್ದು. ಕರೆಂಟ್ ಇಡೀ ಮೈಯಲ್ಲಿ ಹರಿಯುವುದರಿಂದ ಪೆಟ್ಟು ಚೆನ್ನಾಗಿ ತಾಳುತ್ತದೆ. ಆದರೆ ತೇವ ಕುಡಿದು ವರ್ಷಗಳಲ್ಲಿ ಓಮ್ ಏರಿರುತ್ತದೆ. ಅಂಥದೇ ಇನ್ನೊಂದನ್ನು ಮೀಟರಿಗೆ ಹಿಡಿದರೆ ಪಟ್ಟಿ ಹೇಳಿದ್ದಕ್ಕಿಂತ ಎಷ್ಟೋ ಮೇಲಿತ್ತು. ರೇಡಿಯೋ ಅದನ್ನು ಸಹಿಸಿಕೊಂಡಿತ್ತು, ಅಷ್ಟೇ. ಅವರು ತುಂಬಾ ಹೊತ್ತು ಆ ಮೀಟರನ್ನೇ ನೋಡಿದರು. ಇಂಥ ಗಿರಾಕಿಗಳು ನನಗೆ ಇಷ್ಟ.

ಉಪ್ಪುಗಾಳಿಯ ಮಾತು ಕೇಳಿದ ಕೂಡಲೇ ಕೆಲವರು ಬೋರ್ಡಿಗೆ ಕಂಡದ್ದೆಲ್ಲ ಬಳಿಯುತ್ತಾರೆ. ನೇಲ್ ಪಾಲಿಶ್ ಬೇಗ ಬೆಂಕಿ ಹಿಡಿಯುವ ವಸ್ತು. ವಿನೆಗರ್ ವಾಸನೆಯ ಸಿಲಿಕೋನ್ ಗಟ್ಟಿಯಾಗುವಾಗ ಆಮ್ಲ ಬಿಡುತ್ತದೆ, ತಾಮ್ರ ತಿನ್ನುತ್ತದೆ. ತೊಳೆಯದೆ ಬಳಿದರೆ ಉಪ್ಪನ್ನು ಒಳಗೇ ಮುಚ್ಚಿಟ್ಟ ಹಾಗೆ. ಐಪಿಎಯಲ್ಲಿ (ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ) ಉಜ್ಜಿದರೆ ಸಾಕು ಎನ್ನುವವರಿಗೆ ಒಂದು ಮಾತು: ಉಪ್ಪು ಅದರಲ್ಲಿ ಕರಗುವುದಿಲ್ಲ ಎಂದೇ ಹೇಳಬೇಕು. ಮೊದಲು ಡಿಸ್ಟಿಲ್ಡ್ ನೀರು, ಆಮೇಲೆ ಐಪಿಎ, ಪೂರ್ತಿ ಒಣಗಿದ ಮೇಲೆ ಬೋರ್ಡಿಗೆಂದೇ ಇರುವ ರಕ್ಷಣಾ ಲೇಪನ, ಕನ್ಫಾರ್ಮಲ್ ಕೋಟಿಂಗ್. ನೀರು ಸೋಕಬಾರದ ರಿಲೇ, ಟ್ರಾನ್ಸ್‌ಫಾರ್ಮರ್, ಸ್ಪೀಕರ್ ಇದ್ದರೆ ನೀವೇ ತೊಳೆಯಲು ಹೋಗಬೇಡಿ. ಬಿಸಿಯಾಗುವ ರೆಸಿಸ್ಟರ್ ಬೋರ್ಡಿನಿಂದ ಸ್ವಲ್ಪ ಮೇಲೆ ನಿಂತಿರಲಿ. ಹೆಚ್ಚಿನ ಫಿಲ್ಮ್ ರೆಸಿಸ್ಟರ್‌ಗಳ ಪೂರ್ತಿ ವ್ಯಾಟ್ ಸಿಗುವುದು ಸುತ್ತಲಿನ ಶಾಖ 70 ಡಿಗ್ರಿ ಇರುವವರೆಗೆ ಮಾತ್ರ.

ರೆಸಿಸ್ಟರ್‌ನ ಮೈಬಣ್ಣ ನೋಡಿ ಅದು ಯಾವ ಬಗೆಯದು ಎಂದು ಹೇಳಬಹುದೇ? ತಿಳಿ ಕಂದು ಬಣ್ಣದ್ದು ಹೆಚ್ಚಾಗಿ ಕಾರ್ಬನ್ ಫಿಲ್ಮ್, ನೀಲಿ ಹೆಚ್ಚಾಗಿ ಮೆಟಲ್ ಫಿಲ್ಮ್. ಆದರೆ ಎಲ್ಲ ಕಂಪನಿ ಈ ರೂಢಿ ಪಾಲಿಸುವುದಿಲ್ಲ, ನಂಬಿ ಕೂರಬೇಡಿ. ಮೀಟರಿಗೂ ಇದು ಗೊತ್ತಾಗುವುದಿಲ್ಲ. ಸರ್ಕ್ಯೂಟಿನಲ್ಲಿ ಅದು ಎಲ್ಲಿದೆ, ಏನು ಕೆಲಸ ಮಾಡುತ್ತಿದೆ ಎಂದು ನೋಡಿಯೇ ತೀರ್ಮಾನಿಸಬೇಕು. ಸುಟ್ಟ ಪಟ್ಟಿಯ ಬಣ್ಣವೂ ಮೋಸ ಮಾಡುತ್ತದೆ, ಕೆಂಪು ಬಿಸಿಗೆ ಕಂದಾಗಿ ಕಾಣುತ್ತದೆ. ಅಂದ ಹಾಗೆ, ಪ್ಲಗ್ ಕಿತ್ತರೂ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟಿಗೂ ಮೇಲೆ ಉಳಿದಿರಬಹುದು. ಡಿಸ್‌ಚಾರ್ಜ್ ಮಾಡಲು ಗೊತ್ತಿಲ್ಲದವರು ಕೈ ಹಾಕಬೇಡಿ.

ರಿಪೇರಿಗೆ ತರುವಾಗ ಸುಟ್ಟ ತುಂಡನ್ನು ಎಸೆಯದೆ ತನ್ನಿ. ಕಿತ್ತಾಗಿದ್ದರೆ ಪೊಟ್ಟಣ ಕಟ್ಟಿ ತನ್ನಿ, ಯಾವ ಜಾಗದಿಂದ ಕಿತ್ತಿರಿ ಎಂದು ಮೊಬೈಲಿನಲ್ಲಿ ಒಂದು ಫೋಟೋ ಇರಲಿ. ಒಡೆದು ನೋಡಿದರೆ ಒಳಗೆ ತಂತಿ ಇತ್ತೋ ಪದರ ಇತ್ತೋ ಹೆಚ್ಚಾಗಿ ತಿಳಿಯುತ್ತದೆ. ಹೊಸದನ್ನು ಹುಡುಕಲು ಅಷ್ಟು ಸಾಕು.