ಮಾತ್ರೆ ಇಂದು, ಗುಣ ಮುಂದಿನ ತಿಂಗಳು

"ಹತ್ತು ದಿನ ನುಂಗಿದೆ, ಏನೂ ಪ್ರಯೋಜನವಾಗಲಿಲ್ಲ, ಬಿಟ್ಟುಬಿಟ್ಟೆ." ಖಿನ್ನತೆಯ ಮಾತ್ರೆಗಳ ಬಗ್ಗೆ ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಗುಣ ಕಾಣುವ ಮುಂಚೆಯೇ ಜನ ಕೈಬಿಡುತ್ತಾರೆ.

ನರಕೋಶವೊಂದು ಪಕ್ಕದ ಕೋಶಕ್ಕೆ ಸಂದೇಶ ಒಯ್ಯಲೆಂದು ತಾನು ಸುರಿದ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಮತ್ತೆ ಒಳಗೆಳೆದುಕೊಳ್ಳುತ್ತದೆ. ಹಾಗೆ ಎಳೆಯುವ ಪ್ರೋಟೀನನ್ನು ಫ್ಲೂಯೊಕ್ಸೆಟಿನ್‌ನಂಥ ಮಾತ್ರೆ ಕೆಲವೇ ಗಂಟೆಗಳಲ್ಲಿ ತಡೆಯುತ್ತದೆ. ಹಾಗಿದ್ದ ಮೇಲೆ ಮನಸ್ಸು ಹಗುರಾಗಲು ಮೂರು ನಾಲ್ಕು ವಾರ ಏಕೆ?

ನನಗೆ ಬಹಳ ಇಷ್ಟವಾದ ವಿವರಣೆ ಮಿದುಳುಕಾಂಡದ ರಾಫೆ ಎಂಬ ಪುಟ್ಟ ಕೋಶಗುಚ್ಛಗಳಲ್ಲಿದೆ. ಮಿದುಳಿಗೆಲ್ಲ ಸೆರೊಟೋನಿನ್ ಹಂಚುವ ಈ ಕೋಶಗಳ ಮೈಮೇಲೆಯೇ ಅದರ ಮಟ್ಟ ಅಳೆಯುವ ಗ್ರಾಹಕಗಳಿವೆ. ಮಹಡಿಯ ತೊಟ್ಟಿಯಲ್ಲಿ ನೀರು ಏರಿದಂತೆ ತೇಲುಗುಂಡು ಮೇಲೆದ್ದು ನಲ್ಲಿ ಮುಚ್ಚುತ್ತದಲ್ಲ, ಹಾಗೆ. ಸುತ್ತ ಸೆರೊಟೋನಿನ್ ಹೆಚ್ಚಿದ್ದೇ ತಡ, ಕೋಶ ತನ್ನ ಮಿಡಿತ ತಗ್ಗಿಸುತ್ತದೆ. ಮಾತ್ರೆ ಏರಿಸಿದ್ದನ್ನು ಕೋಶವೇ ಇಳಿಸುತ್ತದೆ! ದಿನವೂ ಹೀಗೇ ನಡೆದರೆ ಆ ಗ್ರಾಹಕಗಳ ಚುರುಕು ಕುಂದುತ್ತದೆ, ಕೋಶ ಮೊದಲಿನಂತೆ ಮಿಡಿಯತೊಡಗುತ್ತದೆ, ಮಾತ್ರೆಯ ತಡೆ ಮಾತ್ರ ಹಾಗೆಯೇ ಇರುತ್ತದೆ. ಸೆರೊಟೋನಿನ್ ನಿಜವಾಗಿ ಏರುವುದು ಆಗ. ಕೋಶಗಳ ನಡುವಿನ ಜೋಡಣೆಗಳೂ ಈ ವಾರಗಳಲ್ಲಿ ಬದಲಾಗುತ್ತವೆ.

ಎಡಿಎಚ್‌ಡಿಗೆ, ಅಂದರೆ ಗಮನ ನಿಲ್ಲದ, ಅತಿ ಚಂಚಲತೆಯ ತೊಂದರೆಗೆ ಕೊಡುವ ಮೀಥೈಲ್‌ಫೆನಿಡೇಟ್ ಎಂಬ ಉತ್ತೇಜಕ ಕೂಡ ಇಂಥದೇ ಪ್ರೋಟೀನುಗಳನ್ನು ತಡೆಯುತ್ತದೆ, ಆದರೆ ಇನ್ನೆರಡು ಸಂದೇಶವಾಹಕಗಳಾದ ಡೋಪಮಿನ್ ಮತ್ತು ನಾರ್‌ಅಡ್ರಿನಲಿನ್‌ಗೆ ಸಂಬಂಧಿಸಿದವನ್ನು. ಇಲ್ಲಿ ವಾರಗಟ್ಟಲೆ ಕಾಯಬೇಕಿಲ್ಲ. 1937ರಲ್ಲಿ ಅಮೆರಿಕದ ವೈದ್ಯ ಚಾರ್ಲ್ಸ್ ಬ್ರ್ಯಾಡ್ಲಿ ಚಂಚಲ ಮಕ್ಕಳಿಗೆ ಬೆಂಜೆಡ್ರಿನ್ ಎಂಬ ಇನ್ನೊಂದು ಉತ್ತೇಜಕ ಕೊಟ್ಟ ವರದಿ ಪ್ರಕಟಿಸಿದರು. ಮಾತ್ರೆ ಕೊಟ್ಟ ಮೊದಲ ದಿನವೇ ಹಲವರ ಗಮನ ಪಾಠದ ಕಡೆ ತಿರುಗಿತ್ತು.

ಖಿನ್ನತೆಯೆಂದರೆ ಸೆರೊಟೋನಿನ್ ಕೊರತೆ ಎಂಬ ಸೂತ್ರ ಹುಟ್ಟಿದ್ದರಲ್ಲಿ ನಮ್ಮ ಸರ್ಪಗಂಧಕ್ಕೂ ಪಾಲಿದೆ. ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು 1952ರಲ್ಲಿ ಅದರ ಬೇರಿನಿಂದ ರಿಸರ್ಪಿನ್ ಬೇರ್ಪಡಿಸಿದರು. ರಕ್ತದೊತ್ತಡಕ್ಕೆಂದು ಅದನ್ನು ನುಂಗಿದ ಕೆಲವರು ಮಂಕಾದರು. ಅದು ಮಿದುಳಿನ ಸೆರೊಟೋನಿನ್, ನಾರ್‌ಅಡ್ರಿನಲಿನ್ ದಾಸ್ತಾನನ್ನೇ ಬರಿದು ಮಾಡುತ್ತದೆಂದು ಆಮೇಲೆ ತಿಳಿಯಿತು. ಅಷ್ಟರಿಂದ ಕಟ್ಟಿದ ಸೂತ್ರ ತೀರಾ ಸರಳ, ಅದು ನಿಲ್ಲುವುದಿಲ್ಲ. ಆದರೆ ಆ ಸೂತ್ರ ಬಿದ್ದುಹೋದರೆ ಮಾತ್ರೆಯೂ ಮೋಸ ಎನ್ನುವುದು ದುಡುಕು.

ಕಷ್ಟವೆಂದರೆ ಅಡ್ಡಪರಿಣಾಮ ಮಾತ್ರ ವಾರಗಟ್ಟಲೆ ಕಾಯುವುದಿಲ್ಲ. ದೇಹದ ಸೆರೊಟೋನಿನ್‌ನಲ್ಲಿ ಸುಮಾರು ಶೇ 90ರಷ್ಟು ಇರುವುದು ಕರುಳಿನಲ್ಲಿ. ಹಾಗಾಗಿ ಮೊದಲ ವಾರದಲ್ಲೇ ಹಲವರಿಗೆ ಹೊಟ್ಟೆ ತೊಳಸುತ್ತದೆ. ವೈದ್ಯರಿಗೆ ಹೇಳಿದರೆ ಪ್ರಮಾಣ ತಗ್ಗಿಸಿ ಮೆಲ್ಲಗೆ ಏರಿಸುತ್ತಾರೆ, ಊಟದ ಜೊತೆ ನುಂಗಲು ಹೇಳುತ್ತಾರೆ. ಬಹುತೇಕರಿಗೆ ಆ ತೊಳಸು ಒಂದೆರಡು ವಾರದಲ್ಲಿ ತಾನಾಗಿ ಇಳಿಯುತ್ತದೆ.