ಮೋಡೆಮ್ ಕಾಲುಸಂಕವಾದಾಗ

ಸಾಗರದ ಹತ್ತಿರದ ಹಳ್ಳಿಯಲ್ಲಿರುವ ಅಕ್ಕನ ಮನೆಗೆ ಹೋಗಬೇಕೆಂದರೆ ಡಾಂಬರು ರಸ್ತೆ ಬಿಟ್ಟು ಒಂದು ಹಳ್ಳ ದಾಟಬೇಕು. ಹಳ್ಳಕ್ಕೆ ಅಡಿಕೆ ದಬ್ಬೆ ಹಾಸಿದ ಕಾಲುಸಂಕವಿದೆ. ಸಂಕ ಯಾರನ್ನೂ ತಡೆದು ವಿಚಾರಿಸುವುದಿಲ್ಲ. ಈ ದಡಕ್ಕೆ ಬಂದವರನ್ನು ಆ ದಡಕ್ಕೆ ಮುಟ್ಟಿಸುವುದಷ್ಟೇ ಅದರ ಕೆಲಸ. ಯಾರು, ಏನು ಎಂಬ ವಿಚಾರಣೆಯೆಲ್ಲ ಮುಂದೆ, ದಣಪೆಯ ಬಳಿ, ಅಂದರೆ ಅಂಗಳದ ಗೇಟಿನ ಬಳಿ. ಅದೇ ಹಳ್ಳದ ಮೇಲೆ, ಕಂಬದಿಂದ ಕಂಬಕ್ಕೆ, ಮನೆಯ ದೂರವಾಣಿಯ ತಾಮ್ರದ ತಂತಿಯೂ ಹಾದುಹೋಗಿದೆ.

ಕೆಲವು ವರ್ಷಗಳ ಹಿಂದೆ ಸುಗ್ಗಿಯ ಹೊತ್ತಿಗೆ ಭಾವ ಅಡಿಕೆ ಒಣಹಾಕುವ ಅಂಗಳಕ್ಕೆ ಕ್ಯಾಮೆರಾ ಹಾಕಿಸಿದರು. ಅದಕ್ಕೆಂದೇ ಒಂದು ಒಳ್ಳೆಯ ಫೈರ್‌ವಾಲ್ ರೌಟರ್, ಅಂದರೆ ಮನೆಯ ಸಾಧನಗಳಿಗೆಲ್ಲ ಇಂಟರ್‌ನೆಟ್ ಹಂಚುತ್ತ ಹೊರಗಿನಿಂದ ಬರುವುದನ್ನು ತಡೆದು ನೋಡುವ ಪೆಟ್ಟಿಗೆ ತಂದು, ದೂರವಾಣಿ ತಂತಿಯಲ್ಲೇ ಇಂಟರ್‌ನೆಟ್ ತರುವ ಹಳೆಯ ಡಿಎಸ್‌ಎಲ್ ಮೋಡೆಮ್‌ಗೆ ಜೋಡಿಸಿದರು. ಮನೆಯೊಳಗೆ ಎಲ್ಲವೂ ಸರಿಯಿತ್ತು. ಬೆಂಗಳೂರಿನಲ್ಲಿರುವ ಮಗಳಿಗೆ ಮಾತ್ರ ಅಂಗಳ ಕಾಣಲೇ ಇಲ್ಲ. ರೌಟರ್‌ನಲ್ಲಿ ಏನೆಲ್ಲ ಬದಲಾಯಿಸಿದರೂ ಫಲವಿಲ್ಲ. ದೋಷ ರೌಟರ್‌ನದಾಗಿರಲಿಲ್ಲ, ಮೋಡೆಮ್‌ನದೂ ಆಗಿರಲಿಲ್ಲ. ಒಂದೇ ಮನೆಗೆ ಎರಡು ದಣಪೆಗಳಿದ್ದವು, ಅಷ್ಟೆ. ಮೋಡೆಮನ್ನು ಬ್ರಿಡ್ಜ್ ಮೋಡ್‌ಗೆ ಹಾಕಿ ಅದರಲ್ಲಿ ಒಂದನ್ನು ತೆಗೆದ ಕತೆ ಇದು.

ಕಂಪನಿಯವರು ಕೊಡುವ ಆ ಸಣ್ಣ ಪೆಟ್ಟಿಗೆಯೊಳಗೆ ಎರಡು ಯಂತ್ರಗಳಿವೆ. ಒಂದು ನಿಜವಾದ ಮೋಡೆಮ್, ಇನ್ನೊಂದು ಸಾಧಾರಣ ರೌಟರ್. ಮೊದಲನೆಯದರ ಕಸುಬು ಬೆರಗು ಹುಟ್ಟಿಸುವಂಥದ್ದು. ನಮ್ಮ ಮಾತಿಗೆ ದೂರವಾಣಿ ತಂತಿಯಲ್ಲಿ 4 ಕಿಲೋಹರ್ಟ್ಸ್‌ನಷ್ಟು ಜಾಗ ಸಾಕು. ಅದರ ಮೇಲಿನ ಬಯಲನ್ನು, ಸುಮಾರು 26 ಕಿಲೋಹರ್ಟ್ಸ್‌ನಿಂದ 2,208 ಕಿಲೋಹರ್ಟ್ಸ್‌ವರೆಗೆ, ಡಿಎಸ್‌ಎಲ್‌ನ ಒಂದು ಬಗೆಯಾದ ಎಡಿಎಸ್‌ಎಲ್2+ ಬಳಸಿಕೊಳ್ಳುತ್ತದೆ. ಅಡಿಕೆ ತೋಟದಲ್ಲಿ ಬಸಿಗಾಲುವೆ ತೆಗೆದಂತೆ, ತಂತಿಯ ಆವರ್ತನಗಳನ್ನು 4.3125 ಕಿಲೋಹರ್ಟ್ಸ್ ಅಗಲದ ಸಾಲುಗಳಾಗಿ ಹಂಚುತ್ತದೆ. ಸೊನ್ನೆಯಿಂದ ಎಣಿಸಿದರೆ ಒಟ್ಟು 512 ಸಾಲು. ಮೋಡೆಮ್ ಚಾಲೂ ಆದಾಗ ಡಿಎಸ್‌ಎಲ್ ದೀಪ ಮಿಟುಕುತ್ತದಲ್ಲ, ಆಗ ಅದು ಪ್ರತಿ ಸಾಲಿನಲ್ಲೂ ಎಷ್ಟು ಗದ್ದಲವಿದೆ ಎಂದು ಕಿವಿಗೊಟ್ಟು ಅಳೆಯುತ್ತಿರುತ್ತದೆ. ಶುದ್ಧವಾದ ಸಾಲಿಗೆ ಒಂದು ಸಲಕ್ಕೆ 15 ಬಿಟ್‌ಗಳವರೆಗೂ ಹೊರೆ ಹೊರಿಸುತ್ತದೆ, ಗದ್ದಲದ ಸಾಲಿಗೆ ಎರಡೋ ಮೂರೋ. ತೀರಾ ಕೆಟ್ಟ ಸಾಲನ್ನು ಹಾಗೆಯೇ ಬಿಟ್ಟುಬಿಡುತ್ತದೆ. ಭದ್ರಾವತಿ ಆಕಾಶವಾಣಿ ಕೇಳಿ ಬೆಳೆದವರಿಗೆ 675 ಕಿಲೋಹರ್ಟ್ಸ್ ಬಾಯಿಪಾಠ. ಅದು ಬರುವುದು ಇದೇ ಬಯಲಿನ ನಡುವೆ, 156ನೇ ಸಾಲಿನ ಆಸುಪಾಸಿನಲ್ಲಿ. ಕಂಬದ ತಂತಿ ಆಂಟೆನಾದಂತೆ ವರ್ತಿಸಿ ರೇಡಿಯೊ ತರಂಗವನ್ನು ಒಳಗೆಳೆದುಕೊಂಡರೆ, ಮೋಡೆಮ್ ಆ ನಾಲ್ಕಾರು ಸಾಲುಗಳ ಹೊರೆ ಇಳಿಸಿ ಉಳಿದವುಗಳಲ್ಲಿ ಕೆಲಸ ಸಾಗಿಸುತ್ತದೆ. ಈ ವಿದ್ಯೆ ನಾವು ಪೇಟೆಯಿಂದ ತರುವ ಯಾವ ಸಾಮಾನ್ಯ ರೌಟರ್‌ಗೂ ಬರುವುದಿಲ್ಲ. ಆದ್ದರಿಂದಲೇ ಮೋಡೆಮ್ ಬೇಕೇ ಬೇಕು.

ತೊಡಕು ಎರಡನೆಯ ಯಂತ್ರದ್ದು. ಇಂಟರ್‌ನೆಟ್‌ನಲ್ಲಿ ಸಾಧನಗಳನ್ನು ಗುರುತಿಸುವ ಐಪಿ ವಿಳಾಸದ ನಾಲ್ಕನೆಯ ಆವೃತ್ತಿಯಲ್ಲಿ ಇರುವುದು ಸುಮಾರು 430 ಕೋಟಿ ವಿಳಾಸ. ಜಗತ್ತಿನ ಎಲ್ಲ ಸಾಧನಗಳಿಗೆ ಅವು ಸಾಲವು. ಹಾಗಾಗಿ ಮನೆಯೊಳಗಿನ ಬಳಕೆಗೆಂದೇ 192.168 ಎಂದು ಶುರುವಾಗುವಂಥ ಕೆಲವು ವಿಳಾಸಗಳನ್ನು ಮೀಸಲಿಟ್ಟಿದ್ದಾರೆ. ಹೊರಗೆ ಇಡೀ ಮನೆಗೆ ಒಂದೇ ವಿಳಾಸ. ನಡುವೆ ನಿಂತು ಒಳವಿಳಾಸವನ್ನು ಹೊರವಿಳಾಸಕ್ಕೆ ಬದಲಾಯಿಸಿ, ಯಾರು ಏನು ಕೇಳಿ ಕಳಿಸಿದರು ಎಂದು ಪಟ್ಟಿಯಲ್ಲಿ ಬರೆದಿಟ್ಟುಕೊಂಡು, ಉತ್ತರ ಬಂದಾಗ ಸರಿಯಾದವರಿಗೆ ತಲುಪಿಸುವುದೇ ನ್ಯಾಟ್ ಎಂಬ ವ್ಯವಸ್ಥೆ. ಒಳಗಿನವರು ಕೇಳಿದ್ದಕ್ಕೆ ಉತ್ತರ ಬಂದರೆ ಪಟ್ಟಿಯಲ್ಲಿ ಅದರ ಗುರುತಿರುತ್ತದೆ. ಹೊರಗಿನಿಂದ ತಾನಾಗಿ ಬಂದದ್ದಕ್ಕೆ ಗುರುತಿಲ್ಲ, ಪ್ರವೇಶವೂ ಇಲ್ಲ. ಬೆಂಗಳೂರಿನಿಂದ ಮಗಳ ಕರೆ ಮೊದಲು ಮುಟ್ಟಿದ್ದು ಮೋಡೆಮ್‌ನ ಪಟ್ಟಿಯನ್ನು. ಅಲ್ಲೇ ಅದು ಬಿದ್ದುಹೋಯಿತು. ಭಾವ ತಂದ ಹೊಸ ರೌಟರ್‌ವರೆಗೆ ಬರಲೇ ಇಲ್ಲ.

ಬ್ರಿಡ್ಜ್ ಮೋಡ್ ಎಂದರೆ ಮೋಡೆಮ್‌ಗೆ ಈ ವಿಚಾರಣೆಯ ಕೆಲಸ ಬಿಡಿಸಿ ಬರಿಯ ಕಾಲುಸಂಕವಾಗಿಸುವುದು. ತಂತಿಯನ್ನು ಆಲಿಸುವ ವಿದ್ಯೆ ಹಾಗೆಯೇ ಉಳಿಯುತ್ತದೆ. ರೌಟರ್ ಕೇಬಲ್‌ನಲ್ಲಿ ಕಳಿಸಿದ ಮಾಹಿತಿಯ ಪೊಟ್ಟಣವನ್ನು, ಅಂದರೆ ಈಥರ್‌ನೆಟ್ ಕಟ್ಟನ್ನು, ಅದು ಬಿಚ್ಚಿ ನೋಡದೆ ತಂತಿಗೆ ಏರಿಸುತ್ತದೆ. ದೊಡ್ಡ ಕಟ್ಟು ಒಂದೇ ಏಟಿಗೆ ಹೋಗುವುದಿಲ್ಲ. ಹಳೆಯ ಎಡಿಎಸ್‌ಎಲ್ ಜಾಲಗಳು ಎಟಿಎಂ ಪದ್ಧತಿಯವು; ಇದು ಬ್ಯಾಂಕಿನ ಎಟಿಎಂ ಅಲ್ಲ, ಮಾಹಿತಿಯನ್ನು ಸಮ ಗಾತ್ರದ ತುಂಡುಗಳಾಗಿ ಕಳಿಸುವ ವಿಧಾನ. ಅಲ್ಲಿ ಒಂದೊಂದು ತುಂಡಿನಲ್ಲೂ 48 ಬೈಟ್ ಸರಕು, 5 ಬೈಟ್ ತಲೆಚೀಟಿ. 1,500 ಬೈಟ್‌ನ ಹೊರೆ, ಅದರ ಸುತ್ತಿನ ಹೊದಿಕೆಗಳೆಲ್ಲ ಸೇರಿ 32 ತುಂಡಾಗಿ ಹೊರಡುತ್ತದೆ.

ಮಾಡುವ ಕೆಲಸ ದೊಡ್ಡದಲ್ಲ, ಆದರೆ ಕ್ರಮ ಮುಖ್ಯ. ಕಂಪನಿಯವರು ಕೊಟ್ಟ ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್ ಮೊದಲೇ ಬರೆದಿಟ್ಟುಕೊಳ್ಳಬೇಕು. ಬ್ರೌಸರ್‌ನಲ್ಲಿ ಮೋಡೆಮ್‌ನ ಸೆಟ್ಟಿಂಗ್ ಪುಟ ತೆರೆದು, ಎಟಿಎಂ ಜಾಲದಲ್ಲಿ ನಮ್ಮ ದಾರಿಯನ್ನು ಗುರುತಿಸುವ ವಿಪಿಐ, ವಿಸಿಐ ಎಂಬ ಎರಡು ಅಂಕಿಗಳನ್ನು ಗುರುತು ಮಾಡಿಕೊಳ್ಳಬೇಕು. ಬಿಎಸ್‌ಎನ್‌ಎಲ್ ಸಂಪರ್ಕಗಳಲ್ಲಿ ಸಾಮಾನ್ಯವಾಗಿ ಅವು 0 ಮತ್ತು 35. ಅವನ್ನು ಹಾಗೆಯೇ ಇಟ್ಟು ಸಂಪರ್ಕದ ಬಗೆಯನ್ನು ಬ್ರಿಡ್ಜ್ ಎಂದು ಬದಲಾಯಿಸಿ, ಮೋಡೆಮ್‌ನ ವೈಫೈಯನ್ನೂ ವಿಳಾಸ ಹಂಚುವ ಡಿಎಚ್‌ಸಿಪಿಯನ್ನೂ ನಿಲ್ಲಿಸಬೇಕು. ಮೋಡೆಮ್‌ನ ಲ್ಯಾನ್ ಕಿಂಡಿಯಿಂದ ರೌಟರ್‌ನ ವ್ಯಾನ್ ಕಿಂಡಿಗೆ ಒಂದು ಕೇಬಲ್. ಮನೆಯ ಒಳಜಾಲಕ್ಕೆ ಮೋಡೆಮ್‌ನದಕ್ಕಿಂತ ಬೇರೆಯೇ ಸರಣಿ ಕೊಡುವುದು ಒಳ್ಳೆಯದು; ಮೋಡೆಮ್ 192.168.1.1 ಆಗಿದ್ದರೆ ರೌಟರ್ 192.168.2.1 ಇರಲಿ. ಕೊನೆಗೆ ರೌಟರ್‌ನಲ್ಲಿ ಕಂಪನಿಯ ಜಾಲಕ್ಕೆ ಲಾಗಿನ್ ಆಗುವ ವಿಧಾನವಾದ ಪಿಪಿಪಿಒಇ ಆಯ್ದು, ಬರೆದಿಟ್ಟ ಹೆಸರು, ಪಾಸ್‌ವರ್ಡ್ ತುಂಬಬೇಕು.

ಈಗ ಹೆಚ್ಚಿನವರು ಗಾಬರಿಯಾಗುವ ಗಳಿಗೆ. ಮೋಡೆಮ್‌ನ ಡಿಎಸ್‌ಎಲ್ ದೀಪ ಸ್ಥಿರವಾಗಿ ಉರಿಯುತ್ತದೆ, ಇಂಟರ್‌ನೆಟ್ ದೀಪ ಮಾತ್ರ ಆರಿಯೇ ಇರುತ್ತದೆ. ಅದು ಆರಿರುವುದೇ ಸರಿ. ಲಾಗಿನ್ ಆಗುವ ಹೊಣೆ ಈಗ ರೌಟರ್‌ನದು. ರೌಟರ್ ಮೊದಲು "ಅಲ್ಲಿ ಯಾರಾದರೂ ಇದ್ದೀರಾ" ಎಂದು ತಂತಿಯುದ್ದಕ್ಕೂ ಕೂಗು ಹಾಕುತ್ತದೆ, ಆ ತುದಿಯ ಯಂತ್ರ "ನಾನಿದ್ದೇನೆ" ಎನ್ನುತ್ತದೆ, ರೌಟರ್ ಅದನ್ನೇ ಒಪ್ಪಿ ಸಂಪರ್ಕ ಕೇಳುತ್ತದೆ, ಆ ತುದಿ ಒಂದು ಸಂಖ್ಯೆ ಕೊಡುತ್ತದೆ. 1999ರಲ್ಲಿ ಪ್ರಕಟವಾದ ಪಿಪಿಪಿಒಇ ನಿಯಮದ ಈ ನಾಲ್ಕು ಮಾತು ಮುಗಿದ ಮೇಲೆಯೇ ಪಾಸ್‌ವರ್ಡ್‌ನ ಸರದಿ.

ಈ ಪದ್ಧತಿ ಪ್ರತಿ ಕಟ್ಟಿನಲ್ಲಿ 8 ಬೈಟ್ ಸುಂಕ ಹಿಡಿಯುತ್ತದೆ. ಹಾಗಾಗಿ 1,500ರ ಬದಲು 1,492 ಬೈಟ್ ಮಾತ್ರ ನಮ್ಮದು. ಈ ಅಂಕಿಯನ್ನು ರೌಟರ್‌ನಲ್ಲಿ ಸರಿಯಾಗಿ ಕೂರಿಸದಿದ್ದರೆ ವಿಚಿತ್ರವಾದ ಕಾಟ ಶುರುವಾಗುತ್ತದೆ: ಕೆಲವು ತಾಣಗಳು ಸರಾಗವಾಗಿ ತೆರೆದುಕೊಳ್ಳುತ್ತವೆ, ಕೆಲವು ಅರ್ಧಕ್ಕೆ ನಿಂತು ಸುತ್ತುತ್ತಲೇ ಇರುತ್ತವೆ. ಅಕ್ಕನ ಮನೆಯಲ್ಲಿ ಬ್ಯಾಂಕಿನ ಪುಟ ಹಾಗೆ ನಿಂತಿತು. ಕಟ್ಟನ್ನು ಒಡೆಯಕೂಡದು ಎಂಬ ಷರತ್ತಿನೊಡನೆ 1,464 ಬೈಟ್‌ನ ಪಿಂಗ್, ಅಂದರೆ ತಲುಪುತ್ತದೆಯೇ ಎಂದು ನೋಡುವ ಪರೀಕ್ಷೆಯ ಕಟ್ಟು, ಕಳಿಸಿದರೆ ಹೋಯಿತು, 1,465 ಹೋಗಲಿಲ್ಲ. 1,464ಕ್ಕೆ ಶೀರ್ಷಿಕೆಗಳ 28 ಸೇರಿಸಿದರೆ ಸರಿಯಾಗಿ 1,492. ರೌಟರ್‌ನಲ್ಲಿ ನಾನು ಅದೇ ಅಂಕಿ ತುಂಬಿದೆ, ಬ್ಯಾಂಕಿನ ಪುಟ ತೆರೆಯಿತು. ಗಣಿತ ಹೀಗೆ ಕಣ್ಣೆದುರು ತಾಳೆಯಾಗುವ ಸಂತೋಷವೇ ಬೇರೆ.

ಕ್ಯಾಮೆರಾಗಿಂತ ನನಗೆ ಮುಖ್ಯವಾದದ್ದು ಸುರಕ್ಷತೆ. 2016ರ ನವೆಂಬರ್‌ನಲ್ಲಿ ಜರ್ಮನಿಯ ಡಾಯ್ಚ ಟೆಲಿಕಾಮ್‌ನ ಸುಮಾರು 9 ಲಕ್ಷ ಗ್ರಾಹಕರ ಸಂಪರ್ಕ ಕೆಟ್ಟಿತು. ರೌಟರ್‌ಗಳನ್ನು ದೂರದಿಂದಲೇ ನಿರ್ವಹಿಸುವುದಕ್ಕೆ ಬಳಸುವ 7547ನೇ ಪೋರ್ಟ್‌ನ, ಅಂದರೆ ಜಾಲದ ಆ ಸಂಖ್ಯೆಯ ಬಾಗಿಲಿನ, ಮೇಲೆ ನಡೆದ ದಾಳಿ ಅದು. 2017ರ ಜುಲೈಯಲ್ಲಿ ಕರ್ನಾಟಕವೂ ಸೇರಿ ಹಲವೆಡೆ ಬಿಎಸ್‌ಎನ್‌ಎಲ್ ಗ್ರಾಹಕರ ಸಾವಿರಾರು ಮೋಡೆಮ್‌ಗಳು ದುರುದ್ದೇಶದ ತಂತ್ರಾಂಶಕ್ಕೆ ಸಿಕ್ಕಿದವು. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಮೋಡೆಮ್‌ಗಳು ಅವು. ಹಳೆಯ ಮೋಡೆಮ್‌ನ ತಂತ್ರಾಂಶವನ್ನು ತಯಾರಕರು ಪರಿಷ್ಕರಿಸುವುದು ಅಪರೂಪ. ಅಂಥ ಪೆಟ್ಟಿಗೆಯನ್ನು ಮನೆಯ ದಣಪೆ ಕಾಯಲು ನಿಲ್ಲಿಸುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಬ್ರಿಡ್ಜ್ ಆದ ಮೋಡೆಮ್‌ಗೆ ಸಾಮಾನ್ಯವಾಗಿ ಅಂತರ್ಜಾಲದ ವಿಳಾಸವೇ ಇರುವುದಿಲ್ಲ. ಹೊರಗಿನವರು ಬಡಿಯುವುದಕ್ಕೆ ಅಲ್ಲಿ ಬಾಗಿಲಿಲ್ಲ. ಕಾವಲು ಪೂರ್ತಿಯಾಗಿ ನಾವು ಆರಿಸಿ ತಂದ, ಆಗಾಗ ಪರಿಷ್ಕರಿಸುವ ರೌಟರ್‌ನದು.

ಹಾಗೆಂದು ಕ್ಯಾಮೆರಾದ ಪೋರ್ಟನ್ನು ನೇರವಾಗಿ ಜಗತ್ತಿಗೆ ತೆರೆದಿಡಲಿಲ್ಲ. ರೌಟರ್‌ನಲ್ಲೇ ವಿಪಿಎನ್, ಅಂದರೆ ಕೀಲಿ ಇದ್ದವರಿಗಷ್ಟೇ ತೆರೆಯುವ ಗುಪ್ತ ದಾರಿ ಹಾಕಿ, ಮಗಳ ಮೊಬೈಲ್‌ಗೆ ಅದರ ಕೀಲಿ ಕೊಟ್ಟೆವು. ಒಂದು ಮಾತು ಹೇಳಲೇಬೇಕು: ರೌಟರ್‌ಗೆ ಸಿಕ್ಕ ಹೊರವಿಳಾಸ 100.64ರಿಂದ 100.127ರ ನಡುವಿನದಾದರೆ, ಕಂಪನಿಯ ಮಟ್ಟದಲ್ಲೇ ಇನ್ನೊಂದು ನ್ಯಾಟ್ ಇದೆ ಎಂದರ್ಥ. ಆಗ ಬ್ರಿಡ್ಜ್ ಮಾಡಿದರೂ ಹೊರಗಿನ ಕರೆ ಒಳಗೆ ಬರುವುದಿಲ್ಲ, ಸಾರ್ವಜನಿಕ ವಿಳಾಸ ಕೇಳಿ ಪಡೆಯಬೇಕಾಗುತ್ತದೆ. ಅಕ್ಕನ ಮನೆಗೆ ಸಾರ್ವಜನಿಕ ವಿಳಾಸವೇ ಸಿಕ್ಕಿತ್ತು. ಅಂದು ಸಂಜೆ ಮಗಳು ಫೋನ್ ಮಾಡಿ, "ಅಪ್ಪಾ, ತೆಂಕಲ ಮೂಲೆಯ ಅಡಿಕೆಗೆ ಟಾರ್ಪಾಲು ಮುಚ್ಚಿಲ್ಲ" ಎಂದಳು.

ಮರು ವರ್ಷ ಮೇ ತಿಂಗಳ ಸಿಡಿಲು ತಂತಿಯಲ್ಲಿ ಇಳಿದು ಮೋಡೆಮ್ ಸುಟ್ಟಿತು. ರೌಟರ್ ಉಳಿಯಿತು, ಪ್ರತಿ ಸಲವೂ ಉಳಿದೀತು ಎನ್ನುವಂತಿಲ್ಲ, ಗುಡುಗು ಕೇಳಿದ ಕೂಡಲೇ ತಂತಿ ಕಿತ್ತಿಡುವುದೇ ಕ್ಷೇಮ. ಭಾವ ಸಾಗರದ ಪೇಟೆಯಿಂದ ಬೇರೊಂದು ಅಗ್ಗದ ಮೋಡೆಮ್ ತಂದರು. ಪಾಸ್‌ವರ್ಡ್, ವಿಪಿಎನ್, ಕ್ಯಾಮೆರಾ, ಮನೆಯವರೆಲ್ಲರ ಮೊಬೈಲ್‌ಗಳ ಲೆಕ್ಕ ಎಲ್ಲವೂ ರೌಟರ್‌ನಲ್ಲೇ ಇದ್ದವು. ಹೊಸ ಮೋಡೆಮ್‌ಗೆ ಹೇಳಿಕೊಡಬೇಕಾದದ್ದು 0, 35 ಮತ್ತು ಬ್ರಿಡ್ಜ್, ಇಷ್ಟೇ. ನಾನು ಫೋನಿನಲ್ಲಿ ಹೇಳುತ್ತಾ ಹೋದೆ, ಅಕ್ಕ ಒಂದೊಂದಾಗಿ ತುಂಬಿದಳು. ಹತ್ತು ನಿಮಿಷದಲ್ಲಿ ಡಿಎಸ್‌ಎಲ್ ದೀಪ ಮಿಟುಕುವುದು ನಿಂತಿತು.