ಇನ್‌ಕ್ವೆಸ್ಟ್ ಅಂದರೆ ಶವಪರೀಕ್ಷೆ ಅಲ್ಲ

ಇಂಗ್ಲೆಂಡಿನಲ್ಲೋ ಐರ್ಲೆಂಡಿನಲ್ಲೋ ನಮ್ಮ ಕಡೆಯವರು ಹಠಾತ್ತನೆ ತೀರಿಕೊಂಡರೆ, ಎರಡು ದಿನದಲ್ಲಿ ಒಂದು ಸಾಲು ಬಂದೇ ಬರುತ್ತದೆ: ‘ಕರೋನರ್ ಶವಪರೀಕ್ಷೆ ನಡೆಸಲಿದ್ದಾರೆ.’ ಕಳೆದ ವಾರ ಮತ್ತೆ ಓದಿದೆ. ಇನ್‌ಕ್ವೆಸ್ಟ್ ಅಂದರೆ ಮರಣೋತ್ತರ ಪರೀಕ್ಷೆ ಎಂಬ ವಿವರಣೆಯೂ ಜೊತೆಗಿತ್ತು. ಎರಡೂ ತಪ್ಪು. ಪದ ತಾನೇ ಅಂತ ಸುಮ್ನೆ ಬಿಡುವ ಹಾಗಿಲ್ಲ. ಊರಲ್ಲಿ ಫೋನು ಕಾಯುತ್ತ ಕೂತ ಅಪ್ಪ ಅಮ್ಮ ಇದನ್ನು ಓದುತ್ತಾರೆ. ಶವ ಕೊಯ್ದಾಯಿತು, ಇನ್ನು ಕೇಳುವುದೇನೂ ಉಳಿದಿಲ್ಲ ಅಂದುಕೊಳ್ಳುತ್ತಾರೆ. ನಿಜವಾಗಿ ಕೇಳುವ ಕೆಲಸ ಆಗಿನ್ನೂ ಶುರುವಾಗಿರುತ್ತದೆ.

ಶವಪರೀಕ್ಷೆ ಮಾಡುವವರು ಪೆಥಾಲಜಿಸ್ಟ್. ಮಾಡಿಸುವವರು ಕರೋನರ್, ಅಂದರೆ ಇಂಥ ಸಾವುಗಳನ್ನು ವಿಚಾರಿಸುವ ಅಧಿಕಾರಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2013ರಿಂದ ಹೊಸದಾಗಿ ಕರೋನರ್ ಆಗುವವರು ವಕೀಲಿಕೆಯ ಅರ್ಹತೆ ಇರುವವರೇ ಆಗಿರಬೇಕು, ವೈದ್ಯರಾಗಿದ್ದರಷ್ಟೇ ಸಾಲದು. ಇನ್‌ಕ್ವೆಸ್ಟ್ ಅಂದರೆ ಅವರು ತೆರೆದ ಕೋರ್ಟಿನಲ್ಲಿ ಸಾಕ್ಷಿಗಳನ್ನು ಕರೆಸಿ ನಡೆಸುವ ವಿಚಾರಣೆ. ಸತ್ತವರು ಯಾರು, ಯಾವಾಗ, ಎಲ್ಲಿ, ಹೇಗೆ ಸತ್ತರು? ಈ ನಾಲ್ಕಕ್ಕೆ ಉತ್ತರ ಹುಡುಕುತ್ತಾರೆ. ಯಾರಿಗೆ ಶಿಕ್ಷೆ, ಯಾರಿಂದ ಪರಿಹಾರ ಎಂಬುದು ಅಲ್ಲಿ ತೀರ್ಮಾನವಾಗುವುದಿಲ್ಲ. ಆರೋಪಿ ಅಂತ ಯಾರೂ ಇರುವುದಿಲ್ಲ.

ಗೊಂದಲ ಹುಟ್ಟಿದ್ದು ನಮ್ಮ ಪೊಲೀಸ್ ಭಾಷೆಯಿಂದ ಅನ್ನಿಸುತ್ತದೆ. ನಮ್ಮಲ್ಲಿ ‘ಇನ್‌ಕ್ವೆಸ್ಟ್’ ಅಂದರೆ ಶವ ಪಂಚನಾಮೆ. ಪೊಲೀಸರು ಪಂಚರನ್ನು ಕೂರಿಸಿಕೊಂಡು ಶವದ ಪಕ್ಕದಲ್ಲೇ ಬರೆಯುತ್ತಾರೆ. ಅದಾದ ಕೂಡಲೇ ದೇಹ ಪೋಸ್ಟ್‌ಮಾರ್ಟಂಗೆ ಹೋಗುತ್ತದೆ. ಒಂದರ ಬೆನ್ನಿಗೆ ಇನ್ನೊಂದು ನಡೆಯುವುದರಿಂದ ಜನರ ಮನಸ್ಸಿನಲ್ಲಿ ಎರಡೂ ಒಂದೇ ಆಗಿಬಿಟ್ಟಿವೆ. ಆದರೆ ನಮ್ಮಲ್ಲೂ ಅವು ಬೇರೆ ಬೇರೆಯೇ. ಕರೋನರ್ ಕೂಡ ನಮಗೆ ಹೊಸಬರಲ್ಲ, ಮುಂಬೈಯಲ್ಲಿ 1999ರವರೆಗೂ ಇದ್ದರು.

‘ಇನ್‌ಕ್ವೆಸ್ಟ್’ ಹುಟ್ಟಿದ್ದು ಲ್ಯಾಟಿನ್ನಿನ ‘ಕ್ವೇರೆರೆ’ಯಿಂದ. ಹುಡುಕು, ಕೇಳು ಎಂದು ಅರ್ಥ. ‘ಕ್ವೆಶ್ಚನ್’ ಅದರ ಒಡಹುಟ್ಟು. ‘ಕರೋನರ್’ ಬಂದದ್ದು ‘ಕೊರೊನಾ’ದಿಂದ, ಅಂದರೆ ಕಿರೀಟದಿಂದ. ಮೈಮೇಲಿನ ಮುಳ್ಳು ಕಿರೀಟದ ಹಾಗೆ ಕಂಡದ್ದಕ್ಕೆ ಆ ವೈರಸ್ಸಿಗೂ ಅದೇ ಹೆಸರು ಬಿತ್ತು. 1194ರಲ್ಲಿ, ಒಂದನೇ ರಿಚರ್ಡ್ ದೊರೆಯ ಕಾಲದಲ್ಲಿ, ಇಂಗ್ಲೆಂಡಿನ ಪ್ರತಿ ಕೌಂಟಿಯಲ್ಲೂ ‘ಕಿರೀಟದ ವ್ಯಾಜ್ಯಗಳನ್ನು ಕಾಯುವವರು’, ಅಂದರೆ ಕರೋನರ್‌ಗಳು, ಇರಬೇಕೆಂದು ಆಜ್ಞೆ ಹೊರಟಿತು. ಪ್ರಜೆಯ ಸಾವಿನಲ್ಲಿ ದೊರೆಗೆ ಏನು ಕೆಲಸ? ಹಣ. ಕೊಲೆ ಮಾಡಿದವನ ಸ್ವತ್ತು ದೊರೆಯ ಪಾಲಾಗುತ್ತಿತ್ತು. ಗಾಡಿ ಹರಿದು ಯಾರಾದರೂ ಸತ್ತರೆ ಆ ಗಾಡಿ, ಇಲ್ಲವೇ ಅದರ ಬೆಲೆ ದೊರೆಗೆ ಸೇರುತ್ತಿತ್ತು. ಈ ಗಾಡಿಯ ಪದ್ಧತಿ ರದ್ದಾದದ್ದು 1846ರಲ್ಲಿ. ನೆಲದಲ್ಲಿ ನಿಧಿ ಸಿಕ್ಕರೆ ಇವತ್ತಿಗೂ ವಿಚಾರಣೆ ಮಾಡುವವರು ಕರೋನರೇ, ಅದನ್ನೂ ಇನ್‌ಕ್ವೆಸ್ಟ್ ಎಂದೇ ಕರೆಯುತ್ತಾರೆ. ಚಿನ್ನದ ನಾಣ್ಯಕ್ಕೆ ಮರಣೋತ್ತರ ಪರೀಕ್ಷೆ ಮಾಡುವುದಕ್ಕಾಗುತ್ತದಾ? ಈ ಒಂದು ಉದಾಹರಣೆ ನೆನಪಿಟ್ಟರೆ ಸಾಕು, ತಪ್ಪು ಅನುವಾದ ಮತ್ತೆ ಆಗದು.

ದೊರೆಯ ಬೊಕ್ಕಸಕ್ಕಾಗಿ ಹುಟ್ಟಿದ ಹುದ್ದೆಯ ಮುಂದೆ ಈಗ ಕೂರುವುದು ಸತ್ತವರ ಮನೆಯವರು. ಇಂಗ್ಲೆಂಡಿನ 2009ರ ಕರೋನರ್ ಕಾಯ್ದೆಯಲ್ಲಿ ಅವರಿಗೆ ಒಂದು ಹೆಸರೂ ಇದೆ: ‘ಇಂಟರೆಸ್ಟೆಡ್ ಪರ್ಸನ್’. ಅದನ್ನು ‘ಆಸಕ್ತ ವ್ಯಕ್ತಿ’ ಎಂದು ಕನ್ನಡಕ್ಕೆ ತಂದವರಿದ್ದಾರೆ. ಮಗಳನ್ನು ಕಳೆದುಕೊಂಡ ತಾಯಿ ಆಸಕ್ತ ವ್ಯಕ್ತಿಯೇ? ‘ಸಂಬಂಧಪಟ್ಟವರು’ ಅನ್ನಿ. ಗಂಡ, ಹೆಂಡತಿ, ತಂದೆತಾಯಿ, ಮಕ್ಕಳು, ಒಡಹುಟ್ಟಿದವರು ಎಲ್ಲರೂ ಇದರಲ್ಲಿ ಬರುತ್ತಾರೆ. ಅವರು ದಾಖಲೆಗಳನ್ನು ಕೇಳಿ ಪಡೆಯಬಹುದು. ವಕೀಲರಿಲ್ಲದೆ ತಾವೇ ಎದ್ದು ನಿಂತು ಸಾಕ್ಷಿಗಳನ್ನು ಪ್ರಶ್ನಿಸಬಹುದು. ಊರಿನಿಂದಲೇ ವಿಡಿಯೊ ಮೂಲಕ ಸೇರಲು ಕರೋನರ್ ಬಳಿ ಅನುಮತಿ ಕೇಳಬಹುದು. ಅನೇಕ ಕರೋನರ್ ಕೋರ್ಟುಗಳಲ್ಲಿ ಮನೆಯವರ ಪಕ್ಕ ಕೂತು ಧೈರ್ಯ ಹೇಳುವ ಸ್ವಯಂಸೇವಕರೂ ಇದ್ದಾರೆ. ಆಸ್ಪತ್ರೆ, ಪೊಲೀಸು ಮಾತ್ರ ವಕೀಲರನ್ನು ಕಟ್ಟಿಕೊಂಡೇ ಬರುತ್ತಾರೆ. ಮನೆಯವರಿಗೆ ಸರ್ಕಾರಿ ಖರ್ಚಿನ ವಕೀಲರು ಸುಲಭವಾಗಿ ಸಿಕ್ಕಿದ್ದಿಲ್ಲ. ಇದು ಅನ್ಯಾಯ ಎಂದು ಅಲ್ಲಿನ ಕುಟುಂಬಗಳು ವರ್ಷಗಳಿಂದ ಹೇಳುತ್ತಿವೆ. ನನಗೂ ಹಾಗೇ ಅನ್ನಿಸುತ್ತದೆ.

ಇನ್ನೊಂದು ಮಾತು, ಜಾಸ್ತಿ ಜನರಿಗೆ ಗೊತ್ತಿಲ್ಲದ್ದು. ದೇಹವನ್ನು ಊರಿಗೆ ತರಲು ಇನ್‌ಕ್ವೆಸ್ಟ್ ಮುಗಿಯಲೇಬೇಕು ಅಂತಿಲ್ಲ. ಸಾಮಾನ್ಯವಾಗಿ ಅದನ್ನು ಶುರು ಮಾಡಿ ಮುಂದಕ್ಕೆ ಹಾಕುತ್ತಾರೆ, ತಾತ್ಕಾಲಿಕ ಪ್ರಮಾಣಪತ್ರ ಕೊಡುತ್ತಾರೆ. ದೇಶದಿಂದ ಹೊರಗೆ ಒಯ್ಯುವುದನ್ನು ಕರೋನರ್‌ಗೆ ಮೊದಲೇ ತಿಳಿಸಬೇಕು ಅಷ್ಟೆ.

ಕರೋನರ್‌ಗಳನ್ನು ನೇಮಿಸುವುದು ಸ್ಥಳೀಯ ಕೌನ್ಸಿಲ್, ದಾರಿ ತೋರಿಸುವುದು ಚೀಫ್ ಕರೋನರ್. ತೀರ್ಮಾನ ಒಪ್ಪಿಗೆಯಾಗದಿದ್ದರೆ ಹೈಕೋರ್ಟಿಗೆ ಹೋಗಬೇಕು. 1989ರಲ್ಲಿ ಹಿಲ್ಸ್‌ಬರೊ ಫುಟ್‌ಬಾಲ್ ಮೈದಾನದ ನೂಕುನುಗ್ಗಲಿನಲ್ಲಿ ಆದ ಸಾವುಗಳನ್ನು 1991ರ ಇನ್‌ಕ್ವೆಸ್ಟ್ ‘ಆಕಸ್ಮಿಕ’ ಎಂದಿತ್ತು. ಮನೆಯವರು ಬಿಡಲಿಲ್ಲ. 2012ರಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. 2016ರಲ್ಲಿ ಹೊಸ ಜ್ಯೂರಿ ‘ಕಾನೂನುಬಾಹಿರ ಹತ್ಯೆ’ ಎಂದಿತು.

ಶವಪರೀಕ್ಷೆಗೂ ಇನ್‌ಕ್ವೆಸ್ಟಿಗೂ ಇರುವ ವ್ಯತ್ಯಾಸ ನಮಗೆ ಚೆನ್ನಾಗಿ ಗೊತ್ತಿರಬೇಕಿತ್ತು. ಬೆಳಗಾವಿಯ ಸವಿತಾ ಹಾಲಪ್ಪನವರ 2012ರ ಅಕ್ಟೋಬರ್ 28ರಂದು ಐರ್ಲೆಂಡಿನ ಗಾಲ್ವೆಯಲ್ಲಿ ತೀರಿಕೊಂಡರು. ಅಲ್ಲಿನ ಕಾಯ್ದೆ ಬೇರೆ, ಪದ್ಧತಿ ಹೆಚ್ಚುಕಡಿಮೆ ಇದೇ. ರಕ್ತಕ್ಕೆ ನಂಜೇರಿತ್ತು ಎಂಬುದನ್ನು ಶವಪರೀಕ್ಷೆ ಹೇಳಬಲ್ಲದು. ಆದರೆ ಆಸ್ಪತ್ರೆಗೆ ಸೇರಿದ ದಿನದ ರಕ್ತಪರೀಕ್ಷೆಯ ಫಲಿತಾಂಶವನ್ನು ಸಮಯಕ್ಕೆ ಯಾರೂ ಗಮನಿಸಲಿಲ್ಲ ಎಂಬುದು ದೇಹದಲ್ಲಿ ಬರೆದಿರುವುದಿಲ್ಲ. ನಾಡಿ, ಜ್ವರವನ್ನು ನಾಲ್ಕು ಗಂಟೆಗೊಮ್ಮೆ ನೋಡಬೇಕಿತ್ತು, ನೋಡಲಿಲ್ಲ ಎಂಬುದೂ ಅಷ್ಟೆ. 2013ರ ಏಪ್ರಿಲ್‌ನಲ್ಲಿ ಇನ್‌ಕ್ವೆಸ್ಟಿನಲ್ಲಿ ಇವೆಲ್ಲ ಹೊರಬಂದವು. ಗರ್ಭಪಾತ ಮಾಡಿ ಎಂದು ಸವಿತಾ ಕೇಳಿದ್ದರ ಬಗ್ಗೆ ‘ಇದು ಕ್ಯಾಥೊಲಿಕ್ ದೇಶ’ ಎಂಬ ಮಾತನ್ನು ತಾನು ಆಡಿದ್ದು ಹೌದು ಎಂದು ಹೆರಿಗೆ ನರ್ಸ್ ಒಪ್ಪಿಕೊಂಡದ್ದೂ ಅಲ್ಲೇ. ಅದುವರೆಗೆ ಅದು ಮನೆಯವರು ಹೇಳುವ ಮಾತಾಗಿತ್ತು, ಆಮೇಲೆ ದಾಖಲೆಯಾಯಿತು.

ಕನ್ನಡಕ್ಕೆ ತರುವುದಾದರೆ ‘ಸಾವಿನ ವಿಚಾರಣೆ’ ಅನ್ನಬಹುದು. ವಿಚಾರಣೆ ಅಂದರೆ ಪೊಲೀಸ್ ಠಾಣೆ ನೆನಪಾಗುತ್ತದೆ ಎಂದು ಕೆಲವರು ಹಿಂಜರಿಯುತ್ತಾರೆ. ಆದರೆ ಮನೆಗೆ ಬಂದವರ ಯೋಗಕ್ಷೇಮವನ್ನೂ ನಾವು ವಿಚಾರಿಸುತ್ತೇವೆ, ಅಲ್ವಾ? ಕರೋನರ್ ಮಾತ್ರ ಕರೋನರ್ ಆಗಿಯೇ ಇರಲಿ.